ಬೆಣೆಯ ಜಾಗಕ್ಕೆ ಬಂದ ಮೂಳೆ

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮೂಳೆ ಶಸ್ತ್ರವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಮೊಣಕಾಲಿನ ಬಗ್ಗೆ ಒಂದು ಉಪನ್ಯಾಸ ಕೊಡಬೇಕೆಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಕೀಲು ಬದಲಾವಣೆಯೇ ಇರಬೇಕು. ಆ ವಿಷಯಕ್ಕೆ ಮುಂಬಯಿಯಲ್ಲಿ ಮಾತಿನ ಕೊರತೆಯೂ ಇಲ್ಲ, ಜಾಹೀರಾತಿನ ಕೊರತೆಯೂ ಇಲ್ಲ. ನಾನು ಆರಿಸಿಕೊಂಡಿರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ವಿಷಯ: ಹುಟ್ಟಿನಿಂದ ಬಂದ ಕೀಲನ್ನು ಉಳಿಸಿಕೊಂಡು, ಬಾಗಿದ ಕಾಲನ್ನು ಮಾತ್ರ ನೇರಗೊಳಿಸುವ ಶಸ್ತ್ರಚಿಕಿತ್ಸೆ, ಮತ್ತು ಆ ಶಸ್ತ್ರಚಿಕಿತ್ಸೆಯಲ್ಲಿ ಬೇರೊಬ್ಬರ ಮೂಳೆಯನ್ನು ಬಳಸುವ ಪದ್ಧತಿ. ಈ ಪದ್ಧತಿಯ ಪ್ರಸ್ತಾಪ ಮಾಡಿದೊಡನೆ ರೋಗಿಯೂ ಮನೆಯವರೂ ಕೇಳುವ ಮೊದಲ ಪ್ರಶ್ನೆ ‘ಯಾರ ಮೂಳೆ?’ ಎಂಬುದು. ಕೇಳುವುದು ಸಹಜವೇ. ಆದರೆ ಆ ಮೂಳೆಯನ್ನು ಹೇಗೆ ಶುದ್ಧಗೊಳಿಸಿದರು, ಎಂಥ ಜಾಗಕ್ಕೆ ತುಂಬಿದರು, ತುಂಬಿದ ಮೇಲೆ ಶರೀರಕ್ಕೆ ಎಷ್ಟು ಕಾಲಾವಕಾಶ ಕೊಟ್ಟರು ಎಂಬ ಮೂರು ಸಂಗತಿಗಳ ಮೇಲೆಯೇ ಫಲಿತಾಂಶ ನಿಂತಿರುವುದರಿಂದ, ಈ ಸಂಜೆಯ ಹೆಚ್ಚಿನ ಹೊತ್ತನ್ನು ಅವಕ್ಕೆ ಕೊಡುತ್ತೇನೆ.

ಮೊದಲು ಕಾಲಿನ ಲೆಕ್ಕ. ತೊಡೆಮೂಳೆಯ ತಲೆಯ ಮಧ್ಯದಿಂದ ಪಾದದ ಕೀಲಿನ ಮಧ್ಯಕ್ಕೆ ಒಂದು ಗೆರೆ ಎಳೆದರೆ, ನೇರವಾದ ಕಾಲಿನಲ್ಲಿ ಅದು ಮೊಣಕಾಲಿನ ಹೆಚ್ಚುಕಡಿಮೆ ನಡುವಿನಲ್ಲೇ ಹಾದುಹೋಗುತ್ತದೆ. ಹಾಗಿದ್ದರೂ ನಡೆಯುವಾಗ ಬೀಳುವ ಭಾರದಲ್ಲಿ ಸುಮಾರು ಶೇಕಡಾ 60ರಿಂದ 70ರಷ್ಟು ಮೊಣಕಾಲಿನ ಒಳಭಾಗದ ಪಾಲಿಗೆ ಬರುತ್ತದೆ. ಕಾಲು ಹೊರಕ್ಕೆ ಬಾಗಿದವರಲ್ಲಿ ಈ ಗೆರೆ ಇನ್ನೂ ಒಳಕ್ಕೆ ಸರಿಯುತ್ತದೆ. ಒಳಭಾಗದ ಮೃದ್ವಸ್ಥಿ, ಅಂದರೆ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಪದರ, ಸವೆಯುತ್ತದೆ. ಸವೆದಷ್ಟೂ ಕಾಲು ಬಾಗುತ್ತದೆ, ಬಾಗಿದಷ್ಟೂ ಸವೆತ ಹೆಚ್ಚುತ್ತದೆ. ದಿನವಿಡೀ ಹೋಟೆಲಿನ ಕಾವಲಿಯ ಮುಂದೆ ನಿಂತವರು, ಲಿಫ್ಟಿಲ್ಲದ ಚಾಳಿನ ಮೂರನೆಯ ಮಾಳಿಗೆಯಲ್ಲಿ ಸಂಸಾರ ಮಾಡಿದವರು, ನಲವತ್ತೈದು ಐವತ್ತರ ಹೊತ್ತಿಗೆ ಮೊಣಕಾಲಿನ ಒಳಬದಿಯನ್ನು ಒಂದೇ ಬೆರಳಿನಲ್ಲಿ ತೋರಿಸುತ್ತಾ ನಮ್ಮಲ್ಲಿಗೆ ಬರುತ್ತಾರೆ. ಹೊರಭಾಗದ ಮೃದ್ವಸ್ಥಿ ಅವರಲ್ಲಿ ಅನೇಕರಿಗೆ ಚೆನ್ನಾಗಿಯೇ ಇರುತ್ತದೆ. ಅಂಥವರ ಇಡೀ ಕೀಲನ್ನು ಕೊಯ್ದು ಲೋಹ ಕೂರಿಸುವ ಮುಂಚೆ, ಭಾರದ ಗೆರೆಯನ್ನೇ ಒಳಗಿನಿಂದ ಹೊರಕ್ಕೆ ಸರಿಸಿದರೆ ಸವೆದ ಭಾಗಕ್ಕೆ ಬಿಡುವು ಸಿಕ್ಕೀತೇ ಎಂದು ಯೋಚಿಸುವುದು ನ್ಯಾಯವಾಗಿದೆ. ಇದಕ್ಕೆ ತದ್ವಿರುದ್ಧವಾದ ಕಾಲೂ ಉಂಟು: ಮೊಣಕಾಲುಗಳು ಒಂದಕ್ಕೊಂದು ತಾಗಿ ಪಾದಗಳು ದೂರವಾಗುವಂಥದ್ದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪ್ರದೇಶಗಳಲ್ಲಿ ಎಳೆಯರಿಗೆ ಈ ತೊಂದರೆ ಬರುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವೈದ್ಯರು 1973ರಲ್ಲೇ ಬರೆದಿದ್ದಾರೆ. ರಾಯಚೂರು ಕಡೆಯಿಂದ ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಥ ಕಾಲನ್ನು ತಿದ್ದಲು ಬಹುಮಟ್ಟಿಗೆ ತೊಡೆಮೂಳೆಯ ಕೆಳತುದಿಯನ್ನು ಕತ್ತರಿಸಬೇಕಾಗುತ್ತದೆ. ಇಂದು ನಾನು ಹೊರಕ್ಕೆ ಬಾಗಿದ ಕಾಲಿನ ವಿಷಯಕ್ಕೇ ಅಂಟಿಕೊಳ್ಳುತ್ತೇನೆ.

ಭಾರದ ಗೆರೆಯನ್ನು ಸರಿಸುವುದೆಂದರೆ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯನ್ನು ಕತ್ತರಿಸಿ, ಬೇಕಾದ ಕೋನಕ್ಕೆ ತಿರುಗಿಸಿ, ಹಾಗೆಯೇ ಬೆಸೆಯಲು ಬಿಡುವುದು. 1965ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಮಾರ್ಕ್ ಕಾವೆಂಟ್ರಿ ಪ್ರಕಟಿಸಿದ ವಿಧಾನ ಬಹುಕಾಲ ಪ್ರಚಾರದಲ್ಲಿತ್ತು. ಮೂಳೆಯ ಹೊರಬದಿಯಿಂದ ಒಂದು ಬೆಣೆಯನ್ನು ಕತ್ತರಿಸಿ ತೆಗೆದು, ಉಳಿದ ಎರಡು ಮುಖಗಳನ್ನು ಕೂಡಿಸಿಬಿಡುವುದು. ಅಲ್ಲಿ ಟೊಳ್ಳು ಉಳಿಯುವುದಿಲ್ಲವಾದ್ದರಿಂದ ಯಾರ ಮೂಳೆಯೂ ಬೇಕಾಗುವುದಿಲ್ಲ. ಆದರೆ ಪಕ್ಕದ ಸಣ್ಣ ಮೂಳೆಯನ್ನೂ ಕತ್ತರಿಸಬೇಕು ಇಲ್ಲವೇ ಸಡಿಲಿಸಬೇಕು; ಪಾದವನ್ನು ಮೇಲೆತ್ತುವ ನರ ಅಲ್ಲೇ ಸುತ್ತಿಕೊಂಡಿರುತ್ತದೆ; ಕಾಲು ಕೊಂಚ ಗಿಡ್ಡವಾಗುತ್ತದೆ. ಎದುರು ದಿಕ್ಕಿನ ವಿಧಾನದಲ್ಲಿ ಒಳಬದಿಯಿಂದ ಒಂದೇ ಕತ್ತರಿಕೆ ಹಾಕಿ, ಅದನ್ನು ಬೆಣೆಯಾಕಾರವಾಗಿ ತೆರೆಯುತ್ತಾರೆ. ಈ ಶತಮಾನದ ಆರಂಭದಲ್ಲಿ ಸ್ಕ್ರೂಗಳು ಪ್ಲೇಟಿಗೇ ಕಚ್ಚಿಕೊಂಡು ನಿಲ್ಲುವ ಲಾಕಿಂಗ್ ಪ್ಲೇಟುಗಳು ಬಂದ ಮೇಲೆ ಇದು ಬಹಳ ಕಡೆ ಮೊದಲ ಆಯ್ಕೆಯಾಗಿದೆ. ತೆರೆದಲ್ಲಿ ಟೊಳ್ಳು ಉಂಟಾಗುತ್ತದೆ. ದಾನಿಯ ಮೂಳೆಯ ಮಾತು ಹುಟ್ಟುವುದು ಆ ಟೊಳ್ಳಿನಿಂದ.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೀಲಿನ ಮಟ್ಟಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ, ಎಕ್ಸ್‌ರೇ ಪರದೆಯನ್ನು ನೋಡುತ್ತಾ, ಒಳಬದಿಯಿಂದ ಹೊರಬದಿಯತ್ತ ಓರೆಯಾಗಿ ಮೇಲೇರುವಂತೆ ತಂತಿಗಳನ್ನು ಚುಚ್ಚುತ್ತೇವೆ. ಗರಗಸ ಆ ತಂತಿಗಳ ಕೆಳಗಡೆಯೇ ಸಾಗುತ್ತದೆ. ಆದರೆ ಹೊರ ಅಂಚು ತಲುಪುವುದಕ್ಕೆ ಸುಮಾರು ಒಂದು ಸೆಂಟಿಮೀಟರ್ ಇರುವಾಗಲೇ ನಿಲ್ಲುತ್ತದೆ. ಉಳಿದ ಆ ಒಂದು ಸೆಂಟಿಮೀಟರ್ ಮೂಳೆ ಬಿಜಾಗರಿಯ ಕೆಲಸ ಮಾಡಬೇಕು. ಅನಂತರ ಒಂದು ಅಗಲವಾದ ಉಳಿ, ಅದರ ಮೇಲೊಂದು, ಅವೆರಡರ ನಡುವೆ ಮೂರನೆಯದು; ಒಂದೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ಬಡಿದಂತೆ ಕತ್ತರಿಕೆ ಮಿಲಿಮೀಟರ್ ಲೆಕ್ಕದಲ್ಲಿ ಬಾಯಿ ಬಿಡುತ್ತದೆ. ಇಲ್ಲಿ ಆತುರಪಟ್ಟರೆ ಬಿಜಾಗರಿ ಮುರಿಯುತ್ತದೆ, ಇಲ್ಲವೇ ಬಿರುಕು ಮೇಲಕ್ಕೆ ಓಡಿ ಕೀಲಿನೊಳಗೇ ಹೋಗುತ್ತದೆ. ಆದ್ದರಿಂದ ಹಿಗ್ಗಿಸುವ ಉಪಕರಣದ ತಿರುಪನ್ನು ಒಂದಿಷ್ಟು ತಿರುಗಿಸಿ, ಮೂಳೆ ಒಗ್ಗಿಕೊಳ್ಳುವ ತನಕ ಕಾಯ್ದು, ಮತ್ತೆ ಒಂದಿಷ್ಟು ತಿರುಗಿಸುತ್ತೇವೆ. ತೆರವು ಒಂದು ಮಿಲಿಮೀಟರ್ ಹೆಚ್ಚಿದರೆ ಕಾಲು ಸುಮಾರು ಒಂದು ಡಿಗ್ರಿ ತಿರುಗುತ್ತದೆ ಎಂಬುದು ಹಳೆಯ ಸ್ಥೂಲ ಲೆಕ್ಕ. ಮೂಳೆಯ ಅಗಲಕ್ಕೆ ತಕ್ಕಂತೆ ಇದು ಬದಲಾಗುವುದರಿಂದ, ನಿಂತ ಭಂಗಿಯಲ್ಲಿ ಇಡೀ ಕಾಲಿನ ಎಕ್ಸ್‌ರೇ ತೆಗೆದು ಮೊದಲೇ ಅಳೆದಿರಬೇಕು. ಗೆರೆಯನ್ನು ಎಲ್ಲಿಗೆ ತಂದು ನಿಲ್ಲಿಸಬೇಕು ಎಂಬುದಕ್ಕೆ 1979ರಲ್ಲಿ ಜಪಾನಿನ ಫುಜಿಸಾವ ಮತ್ತು ಸಂಗಡಿಗರು ತೋರಿಸಿದ ಗುರುತು, ಅಂದರೆ ಮೊಣಕಾಲಿನ ಒಳ ಅಂಚಿನಿಂದ ಸುಮಾರು ಶೇಕಡಾ 62ರಷ್ಟು ದೂರ, ಇಂದಿಗೂ ಬಳಕೆಯಲ್ಲಿದೆ. ಅಷ್ಟು ಹೊರಕ್ಕೆ ಹೋಗುವುದು ಎಲ್ಲರಿಗೂ ಬೇಡ ಎನ್ನುವವರೂ ಈಗ ಇದ್ದಾರೆ.

ಗೆರೆ ಸರಿಯಾದ ಜಾಗಕ್ಕೆ ಬಂದ ಮೇಲೆ ಪ್ಲೇಟು ಕೂರುತ್ತದೆ, ಸ್ಕ್ರೂಗಳು ಬಿಗಿಯುತ್ತವೆ. ಆಗ ನಮ್ಮ ಮುಂದೆ ಒಂದು ತ್ರಿಕೋನಾಕಾರದ ತೆರವು ಉಳಿಯುತ್ತದೆ. ಅದಕ್ಕೆ ಏನನ್ನು ತುಂಬಬೇಕು? ನಿಜ ಹೇಳಬೇಕೆಂದರೆ, ಎಲ್ಲ ಸಲವೂ ತುಂಬಲೇಬೇಕೆಂದಿಲ್ಲ. ತೆರವು ಸಣ್ಣದಾಗಿದ್ದು, ಬಿಜಾಗರಿ ಗಟ್ಟಿಯಾಗಿದ್ದು, ಲಾಕಿಂಗ್ ಪ್ಲೇಟು ಭದ್ರವಾಗಿದ್ದರೆ, ಒಳಗಿನ ಮಜ್ಜೆಯ ರಕ್ತ ತಾನೇ ಆ ಜಾಗದಲ್ಲಿ ಹೆಪ್ಪುಗಟ್ಟಿ ಕಾಲಕ್ರಮದಲ್ಲಿ ಮೂಳೆಯಾಗುತ್ತದೆ. ಸುಮಾರು 10 ಮಿಲಿಮೀಟರಿಗಿಂತ ಹೆಚ್ಚಿನ ತೆರವು, ತಂಬಾಕು ಬಿಡದ ರೋಗಿ, ಮುರಿದ ಬಿಜಾಗರಿ, ಹೆಚ್ಚಿನ ಮೈತೂಕ, ಇವುಗಳಲ್ಲಿ ಯಾವುದಾದರೂ ಇದ್ದಾಗ ತುಂಬುವುದು ಜಾಣತನ ಎಂಬ ಅಭಿಪ್ರಾಯ ನನ್ನದೂ ಹೌದು. ಮೂರು ಮಿಲಿಮೀಟರಿನ ತೆರವಿಗೂ ದಾನಿಯ ಮೂಳೆಯ ದುಬಾರಿ ಪೊಟ್ಟಣ ಒಡೆಯುವುದನ್ನು ನಾನು ಒಪ್ಪುವುದಿಲ್ಲ. ದಾನಿ ಕೊಟ್ಟದ್ದು ಮಿತವಾದದ್ದು. ಬೇಕಾದಲ್ಲಿಗೆ ಅದು ಉಳಿಯಬೇಕು.

ತುಂಬಲು ಸಿಗುವ ಪದಾರ್ಥಗಳಲ್ಲಿ ಅತ್ಯುತ್ತಮವಾದದ್ದು ರೋಗಿಯ ಸೊಂಟದ ಅಂಚಿನಿಂದ ತೆಗೆದ ಅವರದೇ ಮೂಳೆ. ಅದರಲ್ಲಿ ಜೀವಂತ ಕೋಶಗಳಿವೆ, ಮೂಳೆ ಬೆಳೆಸುವ ಪ್ರೋಟೀನುಗಳಿವೆ, ಹೊಸ ಮೂಳೆ ಹಬ್ಬಲು ಹಂದರವೂ ಇದೆ. ಆದರೆ ಅದಕ್ಕಾಗಿ ಸೊಂಟದಲ್ಲಿ ಇನ್ನೊಂದು ಗಾಯ ಮಾಡಬೇಕು. ಮೊಣಕಾಲಿನ ನೋವು ತಗ್ಗಿದ ಮೇಲೂ ಸೊಂಟದ ಆ ಗಾಯ ತಿಂಗಳುಗಟ್ಟಲೆ ಕಾಡುತ್ತದೆಂದು ದೂರುವವರನ್ನು ಪ್ರತಿಯೊಬ್ಬ ಮೂಳೆ ವೈದ್ಯನೂ ಕಂಡಿದ್ದಾನೆ. ಸೀರೆಯ ನೆರಿಗೆ ಬಿಗಿಯುವುದೋ ಪ್ಯಾಂಟಿನ ಬೆಲ್ಟು ತಾಗುವುದೋ ಸರಿಯಾಗಿ ಅದೇ ಜಾಗದಲ್ಲಿ. ಕೃತಕ ಪದಾರ್ಥಗಳೂ ಉಂಟು: ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಹೈಡ್ರಾಕ್ಸಿಅಪಟೈಟ್ ಮೊದಲಾದವು. ಕೆಲವು ಕೃತಕವೆಂದು ಹೇಳಿಸಿಕೊಂಡರೂ ದನದ ಮೂಳೆಯಿಂದ ತಯಾರಾಗಿರುತ್ತವೆ. ಆಹಾರ ಆಚಾರಗಳ ಕಾರಣಕ್ಕೆ ಇದು ಮುಖ್ಯವೆನಿಸುವವರು ಮೊದಲೇ ಕೇಳಿ ತಿಳಿಯಬೇಕು. ಇವೆರಡರ ನಡುವೆ ನಿಲ್ಲುವುದು ದಾನಿಯ ಮೂಳೆ. ಎರಡನೆಯ ಗಾಯವಿಲ್ಲ, ಬೇಕಾದ ಆಕಾರ, ಬೇಕಾದಷ್ಟು ಪ್ರಮಾಣ ಸಿಗುತ್ತದೆ, ಹಂದರ ಪ್ರಕೃತಿಯೇ ಕಟ್ಟಿದ್ದು. ಇಲ್ಲದಿರುವುದು ಜೀವಕೋಶ. ಆ ಕಾರಣಕ್ಕೆ ಇದು ರೋಗಿಯ ಸ್ವಂತ ಮೂಳೆಗಿಂತ ನಿಧಾನವಾಗಿ ಕೂಡಿಕೊಳ್ಳುತ್ತದೆ.

ಉಡುಪಿ ಕಡೆಯ ಹೋಟೆಲೊಂದರ ಅಡುಗೆಯವರೊಬ್ಬರು, ಐವತ್ತರ ಒಳಗಿನವರು, ಒಮ್ಮೆ ನನ್ನನ್ನು ಕೇಳಿದರು: “ಡಾಕ್ಟ್ರೇ, ಇನ್ನೊಬ್ಬರ ಎಲುಬು ನನ್ನ ಕಾಲಲ್ಲಿ ಜೀವಮಾನ ಪೂರ್ತಿ ಇರ್ತದಾ? ಮೈ ಅದನ್ನು ಹೊರಗೆ ಹಾಕುದಿಲ್ವಾ?” ಮೂತ್ರಪಿಂಡದ ಕಸಿಯ ಸುದ್ದಿ ಕೇಳಿದವರು ಹೀಗೆ ಯೋಚಿಸುವುದರಲ್ಲಿ ತಪ್ಪಿಲ್ಲ. ಮೂತ್ರಪಿಂಡದಲ್ಲಿ ದಾನಿಯ ಕೋಶಗಳು ಬದುಕಿಯೇ ಇರಬೇಕು. ಅವನ್ನು ಪರಕೀಯವೆಂದು ಗುರುತಿಸಿ ಶರೀರ ದಾಳಿ ಮಾಡುತ್ತದೆ. ಅದನ್ನು ತಡೆಯಲು ಜೀವನಪರ್ಯಂತ ಔಷಧಿ ಬೇಕು. ಸಂಸ್ಕರಿಸಿದ ಮೂಳೆಯಲ್ಲಿ ಮಜ್ಜೆಯನ್ನೂ ರಕ್ತವನ್ನೂ ಕೊಬ್ಬನ್ನೂ ತೊಳೆದುಬಿಟ್ಟಿರುವುದರಿಂದ ಉಳಿಯುವುದು ಮುಖ್ಯವಾಗಿ ಖನಿಜ ಮತ್ತು ಕೊಲ್ಯಾಜನ್ ಎಂಬ ನಾರಿನಂಥ ಪ್ರೋಟೀನು. ಆದ್ದರಿಂದ ರಕ್ತದ ಗುಂಪು ಹೊಂದಿಸುವ ಅಗತ್ಯವಿಲ್ಲ, ಪ್ರತಿರೋಧ ತಗ್ಗಿಸುವ ಮಾತ್ರೆಗಳೂ ಬೇಕಿಲ್ಲ. ತೊಳೆಯದೆ ಹಿಮಗಟ್ಟಿಸಿಟ್ಟ ಮೂಳೆಯನ್ನು ಆರ್‌ಎಚ್ ನೆಗೆಟಿವ್ ಇರುವ, ಮುಂದೆ ಹೆರಿಗೆಯ ಸಾಧ್ಯತೆಯಿರುವ ಮಹಿಳೆಗೆ ಹಾಕುವಾಗ ಮಾತ್ರ ಎಚ್ಚರ ಬೇಕು.

ಇನ್ನು ಅದು ಜೀವಮಾನ ಪೂರ್ತಿ ಇರುತ್ತದೆಯೇ ಎಂಬುದು. ತೆರವಿನ ಎರಡೂ ದಡಗಳಿಂದ ಮೊದಲು ಸಣ್ಣ ರಕ್ತನಾಳಗಳು ದಾನಿಯ ಮೂಳೆಯ ರಂಧ್ರಗಳೊಳಕ್ಕೆ ತೆವಳುತ್ತವೆ. ಅವುಗಳ ಹಿಂದೆಯೇ ಹಳೆಯ ಮೂಳೆಯನ್ನು ಕರಗಿಸುವ ಕೋಶಗಳೂ ಹೊಸ ಮೂಳೆಯನ್ನು ಮೆತ್ತುವ ಕೋಶಗಳೂ ಬರುತ್ತವೆ. ವಠಾರದಲ್ಲಿ ಬಾಡಿಗೆದಾರರು ಇರುವಂತೆಯೇ ಒಂದೊಂದು ಕೋಣೆಯ ಹಳೆಯ ಗೋಡೆಯನ್ನು ಒಡೆದು ಹೊಸದನ್ನು ಎಬ್ಬಿಸಿದ ಹಾಗೆ, ರಚನೆ ಎಲ್ಲಿಯೂ ಕುಸಿಯದಂತೆ, ದಾನಿಯ ಮೂಳೆ ಇಷ್ಟಿಷ್ಟಾಗಿ ಹೋಗಿ ರೋಗಿಯದೇ ಮೂಳೆ ಬರುತ್ತದೆ. ಒಳಗಿನ ಜೇನುರಂಧ್ರದ ಮೂಳೆಯ ಚೂರುಗಳಲ್ಲಿ ಈ ಕೆಲಸ ಬೇಗ ನಡೆದು, ಹೆಚ್ಚಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಎಕ್ಸ್‌ರೇಯಲ್ಲಿ ಅಂಚುಗಳು ಮಸುಕಾಗುತ್ತವೆ. ಹೊರಕವಚದ ಗಟ್ಟಿ ಮೂಳೆಯ ತುಂಡಿನಲ್ಲಿ ಇದು ವರ್ಷಗಟ್ಟಲೆ ಹಿಡಿಯುತ್ತದೆ, ದೊಡ್ಡ ತುಂಡಿನ ನಡುಭಾಗ ಎಂದೂ ಪೂರ್ತಿ ಬದಲಾಗದೆ ಉಳಿಯುವುದೂ ಉಂಟು. ನಮ್ಮ ಅಡುಗೆಯವರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಅದು ನಿಮ್ಮದಾಗುತ್ತದೆ, ಆದರೆ ನಡುವೆ ಒಂದು ಅವಧಿಯಲ್ಲಿ ಅದು ಹಾಕಿದಾಗ ಇದ್ದಷ್ಟು ಗಟ್ಟಿಯೂ ಇರುವುದಿಲ್ಲ, ಮುಂದೆ ಆಗುವಷ್ಟು ಗಟ್ಟಿಯೂ ಆಗಿರುವುದಿಲ್ಲ. ಆ ಅವಧಿಯಲ್ಲಿ ಭಾರ ಹೊರುವುದು ಪ್ಲೇಟು. ಆದ್ದರಿಂದಲೇ ಮೊದಲ ಕೆಲವು ವಾರ ವಾಕರ್ ಹಿಡಿದು ಅರ್ಧ ಭಾರ ಹಾಕಬೇಕು. ಪ್ಲೇಟನ್ನು ತೆಗೆಯಿಸುವುದಾದರೆ ಒಂದು ವರ್ಷವಾದರೂ ಕಳೆದಿರಬೇಕು.

ಈ ವಿದ್ಯೆಯ ಚರಿತ್ರೆಯಲ್ಲಿ ಒಂದು ಸೊಗಸಾದ ತಿರುವು ಇದೆ. 1880ರಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಮೆಕ್ಯೂವನ್ ಎಂಬ ಶಸ್ತ್ರವೈದ್ಯರ ಬಳಿ, ಕೀವುಗಟ್ಟಿ ತೋಳಿನ ಮೂಳೆಯ ಬಹುಭಾಗವನ್ನೇ ಕಳೆದುಕೊಂಡ ಪುಟ್ಟ ಬಾಲಕನಿದ್ದ. ಅದೇ ಕಾಲದಲ್ಲಿ ಅವರು ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗದಿಂದ ಕಾಲು ಸೊಟ್ಟಗಾದ ಮಕ್ಕಳ ಕಾಲುಗಳಿಂದ ಬೆಣೆಗಳನ್ನು ಕತ್ತರಿಸಿ ತೆಗೆದು ನೇರಗೊಳಿಸುತ್ತಿದ್ದರು. ಹಾಗೆ ತೆಗೆದ ಬೆಣೆಗಳನ್ನು ಚೂರು ಮಾಡಿ ಆ ಬಾಲಕನ ತೋಳಿನೊಳಗೆ ಸಾಲಾಗಿ ಜೋಡಿಸಿದರು. ತೋಳು ಬೆಳೆಯಿತು, ಕೆಲಸಕ್ಕೂ ಬಂತು. ಮನುಷ್ಯನಿಂದ ಮನುಷ್ಯನಿಗೆ ಮಾಡಿದ ಮೂಳೆ ಕಸಿಗಳಲ್ಲಿ ದಾಖಲೆಯಾಗಿ ಯಶಸ್ವಿಯಾದ ಮೊದಲನೆಯದು ಇದೆಂದು ವೈದ್ಯಚರಿತ್ರೆ ಗುರುತಿಸುತ್ತದೆ. ಅಂದು ಕಾಲು ತಿದ್ದುವ ಶಸ್ತ್ರಚಿಕಿತ್ಸೆಯಿಂದ ಹೊರಬಿದ್ದ ಬೆಣೆ ಬೇರೆಯವರಿಗೆ ದಾನವಾಯಿತು. ಇಂದು ಬೇರೆಯವರ ದಾನ ಕಾಲು ತಿದ್ದುವ ಶಸ್ತ್ರಚಿಕಿತ್ಸೆಗೆ ಬೆಣೆಯಾಗಿ ಬರುತ್ತಿದೆ. ಮುಂದೆ 1908ರಲ್ಲಿ ಜರ್ಮನಿಯ ಎರಿಕ್ ಲೆಕ್ಸರ್ ಇಡೀ ಮೊಣಕಾಲಿನ ಕೀಲನ್ನೇ ಒಬ್ಬರಿಂದ ಇನ್ನೊಬ್ಬರಿಗೆ ಕಸಿ ಮಾಡಿ ವರದಿ ಬರೆದರು. ಅವುಗಳಲ್ಲಿ ಅನೇಕವು ಸೋತವು. ಎರಡನೆಯ ಮಹಾಯುದ್ಧದ ಬಳಿಕ, 1949ರಲ್ಲಿ, ಅಮೆರಿಕದ ನೌಕಾಪಡೆ ಬೆಥೆಸ್ಡಾದಲ್ಲಿ ಅಂಗಾಂಶ ಬ್ಯಾಂಕ್ ತೆರೆದು, ಮೂಳೆಯನ್ನು ಹಿಮಗಟ್ಟಿಸಿ ಒಣಗಿಸಿ ಕಾಪಿಡುವ ಕ್ರಮವನ್ನು ಬೆಳೆಸಿತು. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟು, ಅಲ್ಲಿಯೂ ಹೊಸ ಮೂಳೆ ಹುಟ್ಟುವುದನ್ನು ತೋರಿಸಿದರು. ಸತ್ತ ಮೂಳೆಯಲ್ಲೂ ಬದುಕಿರುವವರ ಕೋಶಗಳಿಗೆ ಅಪ್ಪಣೆ ಕೊಡುವ ಪ್ರೋಟೀನುಗಳು ಇರುತ್ತವೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಅಪಾಯದ ಮಾತನ್ನು ಮುಚ್ಚಿಡುವುದು ಸರಿಯಲ್ಲ. 1985ರಲ್ಲಿ ಅಮೆರಿಕದಲ್ಲಿ ಮೃತಪಟ್ಟ ಒಬ್ಬ ದಾನಿಯ ರಕ್ತದಲ್ಲಿ ಎಚ್‌ಐವಿ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ಶರೀರ ತಯಾರಿಸುವ ಪ್ರೋಟೀನು, ಕಾಣಲಿಲ್ಲ, ಏಕೆಂದರೆ ಸೋಂಕು ತಗುಲಿ ಹೆಚ್ಚು ದಿನ ಆಗಿರಲಿಲ್ಲ. ಆತನ ಅಂಗಗಳೂ ಅಂಗಾಂಶಗಳೂ ಹತ್ತಾರು ಮಂದಿಗೆ ಹಂಚಿಹೋದವು. ಅಂಗಗಳನ್ನು ಪಡೆದವರಲ್ಲದೆ, ಸಂಸ್ಕರಿಸದೆ ಹಿಮಗಟ್ಟಿಸಿಟ್ಟ ಮೂಳೆಯನ್ನು ಪಡೆದ 3 ಮಂದಿಗೂ ಸೋಂಕು ತಗುಲಿತು. ಅದೇ ದಾನಿಯಿಂದ ಬಂದ, ಆದರೆ ಒಣಗಿಸಿ ಸಂಸ್ಕರಿಸಿದ ಅಂಗಾಂಶವನ್ನು ಪಡೆದು ಪರೀಕ್ಷೆಗೆ ಒಳಗಾದವರಲ್ಲಿ ಸೋಂಕು ಕಾಣಲಿಲ್ಲ. ದಾನಿ ಒಬ್ಬನೇ ಆಗಿರುವಾಗ ವ್ಯತ್ಯಾಸ ತಂದದ್ದು ಸಂಸ್ಕರಣೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. 2001ರ ನವೆಂಬರಿನಲ್ಲಿ ಮಿನೆಸೋಟದಲ್ಲಿ 23 ವರ್ಷದ ಆರೋಗ್ಯವಂತ ಯುವಕನೊಬ್ಬ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡ. ಆತನಿಗೆ ಹಾಕಿದ್ದ ದಾನಿಯ ಮೂಳೆ ಮತ್ತು ಮೃದ್ವಸ್ಥಿಯ ತುಂಡಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಜಾತಿಯ ಬ್ಯಾಕ್ಟೀರಿಯ ಇತ್ತು. ದಾನಿಯ ಶರೀರವನ್ನು ಸುಮಾರು 19 ಗಂಟೆಗಳ ಕಾಲ ತಂಪಿನಲ್ಲಿ ಇಟ್ಟಿರಲಿಲ್ಲವೆಂದು ತನಿಖೆ ಹೇಳಿತು. ಜೀವಂತ ಮೃದ್ವಸ್ಥಿ ಬೇಕಾದಾಗ ಕಠಿಣ ಶುದ್ಧೀಕರಣ ಮಾಡಲು ಬರುವುದಿಲ್ಲ, ಮಾಡಿದರೆ ಅದರ ಕೋಶಗಳೂ ಸಾಯುತ್ತವೆ. ನಮ್ಮ ಬೆಣೆಗೆ ಜೀವಕೋಶ ಬೇಕಿಲ್ಲದಿರುವುದು ಈ ದೃಷ್ಟಿಯಿಂದ ಒಂದು ಭಾಗ್ಯ.

ಇಲ್ಲಿ ಮುಂಬಯಿಯವರಾದ ನಾವು ಒಂದಿಷ್ಟು ಹೆಮ್ಮೆಪಡಬಹುದು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನೆರವಿನಿಂದ, ಅಂಗಾಂಶ ಬ್ಯಾಂಕ್ ಪ್ರಾರಂಭವಾಯಿತು. ಅಂಗಾಂಶಗಳ ಕೊನೆಯ ಹಂತದ ಶುದ್ಧೀಕರಣಕ್ಕೆ ವಿಕಿರಣವನ್ನು ಬಳಸಿದ ದೇಶದ ಮೊದಲ ಬ್ಯಾಂಕ್ ಅದು. ಅದನ್ನು ಬೆಳೆಸುವುದರಲ್ಲಿ ಡಾ. ಆಸ್ಟ್ರಿಡ್ ಲೋಬೊ ಗಜಿವಾಲಾ ಅವರ ಹೆಸರನ್ನು ಈ ಕ್ಷೇತ್ರದ ಎಲ್ಲರೂ ಬಲ್ಲರು. ಅತ್ತ ಟ್ರಾಂಬೆಯಲ್ಲಿ 1974ರಿಂದ ಐಸೊಮೆಡ್ ಎಂಬ ಗಾಮಾ ಕಿರಣ ಸ್ಥಾವರ ವೈದ್ಯಕೀಯ ವಸ್ತುಗಳನ್ನು ಕೋಬಾಲ್ಟ್-60ರ ಕಿರಣಗಳಿಂದ ಶುದ್ಧಗೊಳಿಸುತ್ತಾ ಬಂದಿದೆ. ಕ್ಯಾನ್ಸರ್ ಆಸ್ಪತ್ರೆಯೂ ಅಣುಶಕ್ತಿ ಕೇಂದ್ರವೂ ಒಂದೇ ಊರಿನಲ್ಲಿ ಇದ್ದುದರಿಂದ ಆದ ಉಪಕಾರ ಇದು.

ಮೂಳೆ ಬರುವುದು ಬಹುಮಟ್ಟಿಗೆ ಎರಡು ಕಡೆಯಿಂದ. ಮೃತರ ದಾನ ಒಂದು. ಸೊಂಟದ ಕೀಲು ಬದಲಾಯಿಸಿಕೊಳ್ಳುವಾಗ, ಅಥವಾ ತೊಡೆಮೂಳೆಯ ಕುತ್ತಿಗೆ ಮುರಿದ ವೃದ್ಧರಿಗೆ ಲೋಹದ ತಲೆ ಕೂರಿಸುವಾಗ, ಹೊರತೆಗೆದ ಮೂಳೆಯ ತಲೆ ಇನ್ನೊಂದು. ಅದರ ಮೇಲಿನ ಮೃದ್ವಸ್ಥಿಯನ್ನು ಹೆರೆದು, ಗರಗಸದಿಂದ ಬೆಣೆಗಳಾಗಿ, ಘನಗಳಾಗಿ, ಚೂರುಗಳಾಗಿ ಕತ್ತರಿಸುತ್ತಾರೆ. ನೀರಿನ ರಭಸದ ಧಾರೆಯಲ್ಲಿ ತೊಳೆದಂತೆ ರಂಧ್ರಗಳೊಳಗಿನ ಕೆಂಪೂ ಕೊಬ್ಬಿನ ಹಳದಿಯೂ ಹರಿದುಹೋಗಿ ಮೂಳೆ ಬೆಳ್ಳಗಾಗುತ್ತದೆ. ಉಳಿದ ಕೊಬ್ಬಿಗೆ ಆಲ್ಕೊಹಾಲ್, ಹೈಡ್ರೋಜನ್ ಪೆರಾಕ್ಸೈಡ್. ಅನಂತರ ಹಿಮಗಟ್ಟಿಸಿ, ನಿರ್ವಾತದಲ್ಲಿ ನೀರಿನಂಶವನ್ನು ಎಳೆದು ಒಣಗಿಸಿ, ಪದರ ಪದರವಾಗಿ ಪೊಟ್ಟಣ ಕಟ್ಟಿ ಕಿರಣಗಳಿಗೆ ಒಡ್ಡುತ್ತಾರೆ. ರೂಢಿಯಲ್ಲಿರುವ ಪ್ರಮಾಣ 25 ಕಿಲೋಗ್ರೇ (ಗ್ರೇ ಎಂಬುದು ಹೀರಿಕೊಂಡ ವಿಕಿರಣದ ಅಳತೆ). ಆಮೇಲೆ ಅದಕ್ಕೆ ಫ್ರಿಜ್ಜಿನ ಹಂಗೂ ಇಲ್ಲ. ಥಿಯೇಟರಿನಲ್ಲಿ ಪೊಟ್ಟಣ ಒಡೆದಾಗ ಕೈಗೆ ಬರುವ ತುಂಡು ಅಚ್ಚ ಬಿಳಿಯದು, ಮೂಳೆಯೇ ಎಂದು ಅನುಮಾನ ಬರುವಷ್ಟು ಹಗುರ. ಪ್ರತಿಜೈವಿಕ ಬೆರೆಸಿದ ಸಲೈನಿನಲ್ಲಿ ಅದನ್ನು ಮುಳುಗಿಸಿದರೆ ರಂಧ್ರಗಳಿಂದ ಗುಳ್ಳೆಗಳು ಒಂದರ ಹಿಂದೊಂದು ಮೇಲೆ ಬರುತ್ತವೆ. ಅರ್ಧ ಗಂಟೆಯ ಹೊತ್ತಿಗೆ ಅವು ನಿಂತು, ತುಂಡು ತಳ ಸೇರಿ, ಕತ್ತರಿಸಿದರೆ ಸಿಡಿಯದಷ್ಟು ಹದಕ್ಕೆ ಬಂದಿರುತ್ತದೆ. ನೆನೆಸದೆ ಒಣದಾಗಿಯೇ ಬಡಿದು ಕೂರಿಸಿದರೆ ಅದು ಪುಡಿಯಾಗುತ್ತದೆ.

ಕಿರಣಗಳಿಂದ ಲಾಭದ ಜೊತೆಗೆ ನಷ್ಟವೂ ಇದೆ. ಅವು ಕೊಲ್ಯಾಜನ್ ಎಳೆಗಳನ್ನು ಸಡಿಲಿಸುತ್ತವೆ. ಪ್ರಮಾಣ ಏರಿದಂತೆ ಮೂಳೆ ಪೆಡಸಾಗುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವನ್ನು ಕಸಿ ಮಾಡುವವರು ಕಿರಣಕ್ಕೆ ಒಡ್ಡಿದ ದಾನಿಯ ರಜ್ಜುವನ್ನು ಅಷ್ಟಾಗಿ ಇಷ್ಟಪಡದಿರುವುದು ಈ ಕಾರಣಕ್ಕೆ. ನಮ್ಮ ಶಸ್ತ್ರಚಿಕಿತ್ಸೆಯಲ್ಲಿ ಭಾರ ಹೊರುವ ಹೊಣೆ ಪ್ಲೇಟಿನದಾದ್ದರಿಂದ ಈ ನಷ್ಟವನ್ನು ಒಪ್ಪಿಕೊಳ್ಳಬಹುದು. ಶೂನ್ಯಕ್ಕಿಂತ 70ರಿಂದ 80 ಡಿಗ್ರಿ ಕೆಳಗಿನ ತಂಪಿನಲ್ಲಿ ಇಟ್ಟ, ಒಣಗಿಸದ ಮೂಳೆ ಇದಕ್ಕಿಂತ ಗಟ್ಟಿ. ಅದರ ಸುರಕ್ಷತೆ ಮಾತ್ರ ದಾನಿಯ ಪರೀಕ್ಷೆಯ ಮೇಲೆಯೇ ಹೆಚ್ಚು ಅವಲಂಬಿಸಿರುತ್ತದೆ.

ಹಾಗಾಗಿ ವೈದ್ಯರ ಮುಂದೆ ಕೂತಾಗ ನೀವು ಕೇಳಬೇಕಾದ್ದು ಇಂಥವು: ಮೂಳೆ ಯಾವ ಬ್ಯಾಂಕಿನಿಂದ ಬಂದಿದೆ, ಅದಕ್ಕೆ ನೋಂದಣಿ ಇದೆಯೇ? ಪೊಟ್ಟಣದ ಮೇಲೆ ದಾನಿಯ ಸಂಕೇತ ಸಂಖ್ಯೆ, ಶುದ್ಧೀಕರಣದ ವಿಧಾನ, ಅವಧಿ ಮುಗಿಯುವ ದಿನಾಂಕ ಇವೆಯೇ? ಆ ಚೀಟಿಯನ್ನು ನನ್ನ ಕೇಸ್ ಪೇಪರಿಗೆ ಅಂಟಿಸುವಿರಾ? ಕೊನೆಯದು ಹೆಚ್ಚು ಉಪಯುಕ್ತ. ಮುಂದೆ ಎಂದಾದರೂ ತೊಂದರೆ ಕಂಡರೆ ಮೂಲವನ್ನು ಹುಡುಕಲು ಇರುವ ದಾರಿ ಅದೊಂದೇ. ವೈದ್ಯರು ನಿಮ್ಮನ್ನು ಕೇಳುವುದೂ ಇದೆ. ಗುಟ್ಕಾ, ಬೀಡಿ, ಸಿಗರೇಟು ಬಿಡದವರ ಮೂಳೆ ತಡವಾಗಿ ಕೂಡುತ್ತದೆ, ಕೂಡದೆಯೂ ಹೋಗುತ್ತದೆ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಗಾಯವೇ ಒಣಗುವುದಿಲ್ಲ. ಮೊಣಕಾಲಿನ ಒಳಹೊರಗೆ ಎರಡೂ ಕಡೆ ಸವೆದಿದ್ದರೆ, ವಾತದ ಊತವಿದ್ದರೆ, ಈ ಶಸ್ತ್ರಚಿಕಿತ್ಸೆಯನ್ನು ಯಾವ ಮೂಳೆಯೂ ಗೆಲ್ಲಿಸಲಾರದು. ಅವರಿಗೆ ಬೇರೆ ಚಿಕಿತ್ಸೆ.

ಅಸ್ಥಿದಾನದ ಮಾತು ಬಂದ ಸಭೆ ದಧೀಚಿಯ ಕತೆಯಿಲ್ಲದೆ ಮುಗಿಯುವುದಿಲ್ಲ. ನನಗೆ ಆ ಕತೆಯ ಮೇಲೆ ಗೌರವವಿದೆ, ಒಂದು ತಕರಾರೂ ಇದೆ: ಮೂಳೆ ಕೊಡಬೇಕಾದರೆ ಮಹಾತ್ಮನೇ ಆಗಬೇಕು, ಪ್ರಾಣವನ್ನೇ ಬಿಡಬೇಕು ಎಂಬ ಭಾವನೆಯನ್ನು ಅದು ಜನರಲ್ಲಿ ಬಿತ್ತುತ್ತದೆ. ಸೊಂಟದ ಆಪರೇಷನ್ನಿಗೆ ಸೇರಿದ ಅಜ್ಜಿ ತನ್ನಿಂದ ಹೇಗೂ ಹೊರಹೋಗುವ ಮೂಳೆಗೆ ಒಂದು ಸಹಿ ಹಾಕಿದರೆ ಸಾಕು. ಮೃತರ ವಿಷಯದಲ್ಲಿ ಮನೆಯವರು ಅಳುಕುವುದು ಅಸ್ಥಿ ಸಂಚಯನದ ಬಗ್ಗೆ. ಮಡಿವಂತ ಮನೆತನದ ಹಿರಿಯರೊಬ್ಬರು ಇದನ್ನು ನನ್ನೊಡನೆ ಬಹಳ ಹೊತ್ತು ಚರ್ಚಿಸಿದರು. ತೆಗೆಯುವುದು ಸಾಮಾನ್ಯವಾಗಿ ಕೈಕಾಲುಗಳ ಉದ್ದ ಮೂಳೆಗಳಂಥ ಕೆಲವನ್ನು ಮಾತ್ರ. ಆ ಜಾಗದಲ್ಲಿ ಆಧಾರದ ಕೋಲು ಇಟ್ಟು ಹೊಲಿದು ಶರೀರದ ಆಕಾರವನ್ನು ಉಳಿಸಿಯೇ ಒಪ್ಪಿಸುತ್ತಾರೆ. ಸಂಚಯನಕ್ಕೆ ಬೇಕಾದ ಅಸ್ಥಿ ಇದ್ದೇ ಇರುತ್ತದೆ. ಶರೀರವನ್ನು ತಂಪಿನಲ್ಲಿ ಇಟ್ಟಿದ್ದರೆ ಸಾವಿನ ನಂತರ 24 ಗಂಟೆಯೊಳಗೆ ಈ ಕೆಲಸ ನಡೆಯಬೇಕು. ಅಂಗಾಂಗ ಕಸಿಯ 1994ರ ಕಾಯಿದೆಗೆ 2011ರಲ್ಲಿ ತಿದ್ದುಪಡಿ ತಂದು ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದಾರೆ, 2014ರಲ್ಲಿ ನಿಯಮಗಳೂ ಬಂದಿವೆ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿರುವ ಪ್ರಾದೇಶಿಕ ಅಂಗ ಮತ್ತು ಅಂಗಾಂಶ ಕಸಿ ಸಂಸ್ಥೆ ಮಹಾರಾಷ್ಟ್ರಕ್ಕಷ್ಟೇ ಅಲ್ಲ, ಗೋವೆಗೂ ಗುಜರಾತಿಗೂ ಈ ಕೆಲಸದ ಹೊಂದಾಣಿಕೆ ನೋಡಿಕೊಳ್ಳುತ್ತದೆ. ನೀವು ಬದುಕಿದ್ದಾಗ ಪ್ರತಿಜ್ಞಾ ಪತ್ರ ತುಂಬಿದ್ದರೂ ಕೊನೆಗೆ ಒಪ್ಪಿಗೆ ಕೊಡುವವರು ಮನೆಯವರೇ. ಅವರಿಗೆ ಮೊದಲೇ ತಿಳಿಸಿಟ್ಟಿರಬೇಕು.

ಜೀವಂತ ದಾನಿಯ ವಿಷಯದಲ್ಲಿ ಒಂದು ತೊಡಕು ಉಳಿದಿದೆ, ಅದನ್ನು ಹೇಳಿ ನಿಲ್ಲಿಸುತ್ತೇನೆ. ಶಸ್ತ್ರಚಿಕಿತ್ಸೆಯ ದಿನ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ವೈರಾಣುವನ್ನೇ ನೇರವಾಗಿ ಹುಡುಕುವ ದುಬಾರಿ ಪರೀಕ್ಷೆ ಇಲ್ಲದ ಕಡೆ, ಹೊಸ ಸೋಂಕು ಕಣ್ತಪ್ಪಿರಬಹುದೆಂಬ ಎಚ್ಚರಿಕೆಯಿಂದ ಮೂಳೆಯನ್ನು 180 ದಿನ ಬೇರೆಯಾಗಿಯೇ ಇಟ್ಟು, ದಾನಿಯ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿದ ನಂತರವೇ ಬಳಕೆಗೆ ಬಿಡುವ ಪದ್ಧತಿ ಇದೆ. ನಮ್ಮವರು ಆಪರೇಷನ್ ಆದ ಮೇಲೆ ಆರೈಕೆಗೆಂದು ಕಾರ್ಕಳಕ್ಕೋ ಬಾಗಲಕೋಟೆಗೋ ಹೋಗುತ್ತಾರೆ. ನೋವು ಕಡಿಮೆಯಾದ ಮೇಲೆ ಬರಿಯ ಒಂದು ರಕ್ತಪರೀಕ್ಷೆಗಾಗಿ ರೈಲು ಹತ್ತಿ ಬರುವವರು ಕಡಿಮೆ. ಅವರು ಬಾರದೆ ಹೋದರೆ ಆ ಮೂಳೆಯನ್ನು ನಾಶಮಾಡಬೇಕಾಗುತ್ತದೆ. ಸೊಂಟದ ಕೀಲು ಬದಲಾಯಿಸಿಕೊಳ್ಳುವವರು ನಿಮ್ಮ ಮನೆಯಲ್ಲಿದ್ದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಾದರೆ, ಆರು ತಿಂಗಳ ನಂತರದ ಆ ತಾರೀಖನ್ನು ಅದೇ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಊರಿನ ವಿಳಾಸವನ್ನೂ ಫೋನ್ ನಂಬರನ್ನೂ ಬ್ಯಾಂಕಿನವರಿಗೆ ಕೊಟ್ಟಿರಿ.